ವೈಡ್ ರಿಸೀವರ್‌ಗೆ ಡ್ರಾಫ್ಟ್‌ನಲ್ಲಿ ಎಷ್ಟು ಬೆಲೆ ಕಟ್ಟೋದು? (12 ತಂಡ, ಹಾಫ್ ಪಿಪಿಆರ್, 8ನೇ ಪಿಕ್)

ಎಂಟನೇ_ಪಿಕ್
ಲೇಬರ್ ಡೇ ವಾರಾಂತ್ಯಕ್ಕೆ ಆಫೀಸ್‌ನ ಫ್ಯಾಂಟಸಿ ಅಮೆರಿಕನ್ ಫುಟ್‌ಬಾಲ್ (ಎನ್‌ಎಫ್‌ಎಲ್) ಲೀಗ್ ಡ್ರಾಫ್ಟ್ ಇದೆ, ಅಂದ್ರೆ ನಿಜವಾದ ಆಟಗಾರರನ್ನ ಸರದಿ ಪ್ರಕಾರ ಆರಿಸಿ, ಪಂದ್ಯದಲ್ಲಿ ಅವರು ಆಡಿದ್ದಕ್ಕೆ ಪಾಯಿಂಟ್ ಪಡೆಯೋ ಆಟ. 2025ರ ಸೀಸನ್, 12 ತಂಡ, ಸ್ನೇಕ್ (ಸುತ್ತಿನಿಂದ ಸುತ್ತಿಗೆ ಸರದಿ ತಿರುಗುತ್ತೆ), ಹಾಫ್ ಪಿಪಿಆರ್ (ಕ್ಯಾಚ್‌ಗೆ ಅರ್ಧ ಪಾಯಿಂಟ್), 8ನೇ ಸ್ಥಾನ. ಅಂದ್ರೆ ಪಿಕ್‌ಗಳು 8, 17, 32, 41, 56, 65 ಹೀಗೆ ಬರುತ್ತವೆ. ರನ್ನಿಂಗ್ ಬ್ಯಾಕ್‌ಗಳ (ಚೆಂಡು ಹಿಡಿದು ಓಡೋರು) ಪಟ್ಟಿ ಹೇಗೋ ಮಾಡ್ಕೋಬಹುದು. ರಿಸೀವರ್ (ಎಸೆದ ಪಾಸ್ ಹಿಡಿಯೋರು) ವಿಷಯಕ್ಕೆ ಬಂದ್ರೆ ಮಾತ್ರ ಲೆಕ್ಕವೇ ಕೂಡಲ್ಲ. ಕಳೆದ ವರ್ಷದ ಒಟ್ಟು ಪಾಯಿಂಟ್ ಪ್ರಕಾರ ಒಂದು ಸಾಲು, ಎಡಿಪಿ (ಡ್ರಾಫ್ಟ್‌ಗಳಲ್ಲಿ ಸರಾಸರಿ ಎಷ್ಟನೇ ಪಿಕ್‌ಗೆ ಹೋಗ್ತಾನೆ) ಪ್ರಕಾರ ಇನ್ನೊಂದು ಸಾಲು, ಪಾಡ್‌ಕಾಸ್ಟ್‌ನವರದ್ದು ಮತ್ತೊಂದು ರಾಗ. ಟಾರ್ಗೆಟ್ (ಅವನ ಕಡೆ ಎಸೆದ ಪಾಸ್) ಶೇರ್, ಏರ್ ಯಾರ್ಡ್ಸ್ (ಆ ಪಾಸ್‌ಗಳು ಗಾಳಿಯಲ್ಲಿ ಸಾಗೋ ದೂರ), ರೂಟ್ (ಪಾಸ್ ಹಿಡಿಯೋಕೆ ಓಡೋ ದಾರಿ) ಲೆಕ್ಕ ಅಂತ ಹತ್ತು ಅಂಕಿ ಇದೆ. ಇದರಲ್ಲಿ ಯಾವುದನ್ನ ಮೊದಲು ನೋಡ್ಬೇಕು, ಯಾವುದನ್ನ ಬಿಟ್ರೂ ನಡಿಯುತ್ತೆ? "ನಿನಗೆ ಇಷ್ಟ ಆದವ್ರನ್ನ ತಗೋ" ಅನ್ನೋರು ದಯವಿಟ್ಟು ಮುಂದಿನ ಥ್ರೆಡ್‌ಗೆ ಹೋಗಿ.

ವೇವರ್_ವೈರ್
ನಿನಗೆ ಇಷ್ಟ ಆದವ್ರನ್ನ ತಗೋ.

ಧಾರವಾಡ್_ಪೇಡೆ
ಮೊದ್ಲ ಒಂದು ಮಾತು ಹೇಳ್ರಿ. ವಾರಕ್ಕ ಎಷ್ಟು ರಿಸೀವರ್ ಆಡಸ್ತೀರಿ? 2 ಏನು, 3 ಏನು? ಫ್ಲೆಕ್ಸ್ (ರಿಸೀವರ್ ಇಲ್ಲಾ ಬ್ಯಾಕ್, ಯಾರನ್ನರ ಇಡೂ ಜಾಗ) ಎಷ್ಟು ಅದಾವ? ಇದನ್ನ ಹೇಳದ ಬೆಲಿ ಕೇಳಿದ್ರ ಯಾರೂ ಸರಿಯಾಗಿ ಹೇಳಾಂಗಿಲ್ಲ. ಇದ ಆಟಗಾರಗ ಒಂದು ಲೀಗ್‌ನ್ಯಾಗ ಎರಡನೇ ಸುತ್ತು, ಇನ್ನೊಂದರಾಗ ನಾಕನೇ ಸುತ್ತು.

ಎಂಟನೇ_ಪಿಕ್
2 ರಿಸೀವರ್, 2 ರನ್ನಿಂಗ್ ಬ್ಯಾಕ್, 1 ಟೈಟ್ ಎಂಡ್ (ಬ್ಲಾಕೂ ಮಾಡಿ ಪಾಸೂ ಹಿಡಿಯೋನು), 1 ಫ್ಲೆಕ್ಸ್. ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯೋನು) ಒಬ್ಬನೇ. ಬೆಂಚ್ 6.

ಧಾರವಾಡ್_ಪೇಡೆ
ಹಂಗಿದ್ರ ಕೇಳ್ರಿ. 12 ತಂಡ, ತಲಾ 2 ಅಂದ್ರ 24 ರಿಸೀವರ್. ಫ್ಲೆಕ್ಸ್‌ನ್ಯಾಗ ಅರ್ಧ ಮಂದಿ ರಿಸೀವರ್ ಇಡ್ತಾರ ಅಂತ ಹಿಡೀರಿ, ಇನ್ನ 6. ಒಟ್ಟ 30. ನಿಮ್ಮ ಲೀಗ್‌ನ್ಯಾಗ ಬೇಸ್‌ಲೈನ್ ಅಂದ್ರ 30ನೇ ರಿಸೀವರ್. ಅವನಿಗಿಂತ ಎಷ್ಟು ಪಾಯಿಂಟ್ ಹೆಚ್ಚಿಗಿ ತರ್ತಾನೋ ಅಷ್ಟ ಅವನ ಬೆಲಿ. 3 ರಿಸೀವರ್ ಆಡಸೋ ಲೀಗ್ ಆಗಿದ್ರ ಬೇಸ್‌ಲೈನ್ 42ಕ್ಕ ಇಳೀತಿತ್ತು, ಆಗ ಎಲ್ಲಾ ರಿಸೀವರ್ ಬೆಲಿ ಒಮ್ಮಿಗೇ ಏರ್ತಿತ್ತು.

ಅದಕ್ಕ ಅಂಡರ್‌ಡಾಗ್ (ಒಂದು ಫ್ಯಾಂಟಸಿ ಸೈಟ್) ಎಡಿಪಿ ಇಟ್ಕೊಂಡು ಆಫೀಸ್ ಲೀಗಿಗೆ ಹೋಗಬ್ಯಾಡ್ರಿ. ಅಲ್ಲಿ 3 ರಿಸೀವರ್, 1 ಫ್ಲೆಕ್ಸ್, ಕಿಕ್ಕರ್ ಇಲ್ಲ, ಡಿಫೆನ್ಸ್ ಇಲ್ಲ, ಮ್ಯಾಲ ಬೆಸ್ಟ್ ಬಾಲ್ (ವಾರಕ್ಕ ಹೆಚ್ಚು ಪಾಯಿಂಟ್ ತಂದವರನ್ನ ಸೈಟೇ ಲೆಕ್ಕಕ್ಕ ಹಿಡೀತದ). ಅಲ್ಲಿ ರಿಸೀವರ್ ಲಗೂನ ಹೋಗ್ತಾರ. ಅದ ಪಟ್ಟಿ ಹಿಡ್ಕೊಂಡು 2 ರಿಸೀವರ್ ಲೀಗ್‌ನ್ಯಾಗ ಕುಂತ್ರ ಮೊದಲ ನಾಕು ಸುತ್ತಿನ್ಯಾಗ ರಿಸೀವರ್‌ಗೆ ಜಾಸ್ತಿ ರೊಕ್ಕ ಕೊಟ್ಟಂಗ ಆಗ್ತದ.

ಎಕ್ಸೆಲ್_ಮೇಷ್ಟ್ರು
ಪೇಡೆಯವರು ಹೇಳಿದ್ದು ಅಡಿಪಾಯ. ಅದರ ಮೇಲೆ ಸ್ಕೋರಿಂಗ್. ಪಿಪಿಆರ್ (ಕ್ಯಾಚ್‌ಗೆ 1 ಪಾಯಿಂಟ್), ಹಾಫ್ (ಅರ್ಧ), ಸ್ಟ್ಯಾಂಡರ್ಡ್ (ಸೊನ್ನೆ) ಮೂರರಲ್ಲೂ ಕ್ರಮಾಂಕ ಒಂದೇ ಅಂತ ತಿಳ್ಕೊಂಡವರು ಬಹಳ. 2023ರ ಇಬ್ಬರನ್ನ ಪಕ್ಕಪಕ್ಕ ಇಟ್ಟು ನೋಡಿ:

ಅಮಾನ್-ರಾ ಸೇಂಟ್ ಬ್ರೌನ್: 119 ಕ್ಯಾಚ್, 1,515 ಯಾರ್ಡ್, 10 ಟಚ್‌ಡೌನ್
ಮೈಕ್ ಎವನ್ಸ್: 79 ಕ್ಯಾಚ್, 1,255 ಯಾರ್ಡ್, 13 ಟಚ್‌ಡೌನ್

ಕ್ಯಾಚ್‌ನಿಂದ ಬಂದದ್ದನ್ನ ಮಾತ್ರ ಹಿಡಿದರೆ (10 ಯಾರ್ಡ್‌ಗೆ 1, ಟಚ್‌ಡೌನ್‌ಗೆ 6 ಪಾಯಿಂಟ್) ಫುಲ್ ಪಿಪಿಆರ್‌ನಲ್ಲಿ 330.5ಕ್ಕೆ 282.5, ಅಂತರ 48. ಹಾಫ್‌ನಲ್ಲಿ 271ಕ್ಕೆ 243, ಅಂತರ 28. ಸ್ಟ್ಯಾಂಡರ್ಡ್‌ನಲ್ಲಿ 211.5ಕ್ಕೆ 203.5, ಬರೀ 8. ಅಂದ್ರೆ ಸ್ಟ್ಯಾಂಡರ್ಡ್‌ನಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಂದೇ ಸರಕು, ಪಿಪಿಆರ್‌ನಲ್ಲಿ ವಾರಕ್ಕೆ 3 ಪಾಯಿಂಟ್ ವ್ಯತ್ಯಾಸ. ಇಎಸ್‌ಪಿಎನ್ ಡಿಫಾಲ್ಟ್ ಫುಲ್ ಪಿಪಿಆರ್, ಯಾಹೂ ಡಿಫಾಲ್ಟ್ ಹಾಫ್. ಇಎಸ್‌ಪಿಎನ್ ಪಟ್ಟಿಯನ್ನ ಯಾಹೂಗೆ ತಂದ್ರೆ ಸ್ಲಾಟ್ ರಿಸೀವರ್‌ಗಳಿಗೆ (ಒಳಬದಿ ನಿಂತು ಸಣ್ಣ ಪಾಸ್ ಹಿಡಿಯೋರು) ಸುಮ್ಮಸುಮ್ಮನೆ ಬೆಲೆ ಏರುತ್ತೆ.

ಸ್ಲಾಟ್_ರಿಸೀವರ್
ನನ್ನ ಹೆಸರು ತೆಗಿಬೇಡಿ ಸಾರ್.

ಸಿನ್ಸಿನಾಟಿ_ಹುಲಿ
ಇಷ್ಟೆಲ್ಲ ಯಾಕೆ ಗುರು. ಕಳೆದ ವರ್ಷ ಯಾರು ಹೆಚ್ಚು ಪಾಯಿಂಟ್ ಮಾಡಿದ್ರೋ ಅವರನ್ನೇ ತಗೊಳ್ಳೋದು. ನಮ್ಮ ಸಿನ್ಸಿನಾಟಿಯ ಜಮಾರ್ ಚೇಸ್ 2024ರಲ್ಲಿ 127 ಕ್ಯಾಚ್, 1,708 ಯಾರ್ಡ್, 17 ಟಚ್‌ಡೌನ್. ಮೂರರಲ್ಲೂ ಲೀಗ್‌ಗೇ ಫಸ್ಟ್. ಇದಕ್ಕೆ ಎಕ್ಸೆಲ್ ಬೇಕಾ?

ಎಕ್ಸೆಲ್_ಮೇಷ್ಟ್ರು
ಚೇಸ್‌ಗೆ ಬೇಡ. ಅವನು 8ನೇ ಪಿಕ್‌ಗೆ ಉಳಿಯೋದೂ ಇಲ್ಲ. ಉಳಿದ 40 ಜನಕ್ಕೆ ಬೇಕು.

ಕಳೆದ ವರ್ಷದ ಒಟ್ಟು ಪಾಯಿಂಟ್‌ನಲ್ಲಿ ಎರಡು ದೋಷ ಇದೆ. ಒಂದು, ಆಡಿದ ಪಂದ್ಯಗಳ ಸಂಖ್ಯೆ ಅದರೊಳಗೆ ಬೆರೆತುಹೋಗಿರುತ್ತೆ. ಜಸ್ಟಿನ್ ಜೆಫರ್ಸನ್ 2023ರಲ್ಲಿ ಹ್ಯಾಮ್‌ಸ್ಟ್ರಿಂಗ್ (ತೊಡೆ ಹಿಂಭಾಗದ ಸ್ನಾಯು) ಗಾಯದಿಂದ 7 ಪಂದ್ಯ ತಪ್ಪಿಸಿಕೊಂಡ. 10 ಪಂದ್ಯದಲ್ಲಿ 1,074 ಯಾರ್ಡ್, ಅಂದ್ರೆ ಪಂದ್ಯಕ್ಕೆ 107. ಒಟ್ಟು ಪಟ್ಟಿಯಲ್ಲಿ ಎಲ್ಲೋ ಕೆಳಗೆ. ಅದನ್ನ ನೋಡಿ ಬಿಟ್ಟವರ ಎದುರಿಗೇ 2024ರಲ್ಲಿ 1,533 ಯಾರ್ಡ್, 10 ಟಚ್‌ಡೌನ್ ಮಾಡಿದ. ಎರಡನೇ ದೋಷ ಟಚ್‌ಡೌನ್. ಪಾಯಿಂಟ್‌ನಲ್ಲಿ ಅದರ ಪಾಲು ದೊಡ್ಡದು, ವರ್ಷದಿಂದ ವರ್ಷಕ್ಕೆ ನಿಲ್ಲೋದು ಕಡಿಮೆ.

ನಿಲ್ಲೋದು ಟಾರ್ಗೆಟ್. ಹಾಗಾಗಿ ಕ್ರಮ ಹೀಗಿರಲಿ: ತಂಡ ಎಷ್ಟು ಸಲ ಪಾಸ್ ಮಾಡುತ್ತೆ, ಅದರಲ್ಲಿ ಇವನ ಪಾಲೆಷ್ಟು, ಅದರಲ್ಲಿ ಎಷ್ಟು ಹಿಡೀತಾನೆ, ಹಿಡಿದ ಮೇಲೆ ಎಷ್ಟು ಯಾರ್ಡ್, ಕಡೆಗೆ ಟಚ್‌ಡೌನ್. ಅಟ್ಲಾಂಟಾದ ರಿಸೀವರ್ ಡ್ರೇಕ್ ಲಂಡನ್‌ಗೆ ಹಾಕಿ ನೋಡೋಣ. ಅಟ್ಲಾಂಟಾ 560 ಪಾಸ್ ಅಂತ ಹಿಡಿಯಿರಿ. 26 ಶೇಕಡಾ ಪಾಲು, 146 ಟಾರ್ಗೆಟ್. 63 ಶೇಕಡಾ ಹಿಡಿದ್ರೆ 92 ಕ್ಯಾಚ್. ಕ್ಯಾಚ್‌ಗೆ 12.7 ಅಂದ್ರೆ 1,168 ಯಾರ್ಡ್. 20 ಟಾರ್ಗೆಟ್‌ಗೆ 1 ಟಚ್‌ಡೌನ್ ಅಂದ್ರೆ 7.3. ಹಾಫ್ ಪಿಪಿಆರ್‌ನಲ್ಲಿ 46 + 116.8 + 43.8 = 206.6. ಇದೇ ಲೆಕ್ಕದಲ್ಲಿ ನಿಮ್ಮ 30ನೇ ರಿಸೀವರ್ 150 ಬಂದ್ರೆ ಲಂಡನ್ ಬೆಲೆ 56.6. ರನ್ನಿಂಗ್ ಬ್ಯಾಕ್‌ಗಳಿಗೂ ಹೀಗೇ ಮಾಡಿ, ಎರಡನ್ನೂ ಒಂದೇ ಕಾಲಮ್‌ನಲ್ಲಿ ಇಳಿಕೆ ಕ್ರಮದಲ್ಲಿ ಜೋಡಿಸಿ.

ಫಿಲ್ಲಿ_ಫಿಲ್ಟರ್_ಕಾಫಿ
ಒಂದು ತಿದ್ದುಪಡಿ. ಪಾಸ್ ಪ್ರಯತ್ನ ಬೇರೆ, ಟಾರ್ಗೆಟ್ ಬೇರೆ. ಹೊರಗೆ ಬಿಸಾಡಿದ ಚೆಂಡು, ಗಡಿಯಾರ ನಿಲ್ಲಿಸೋಕೆ ನೆಲಕ್ಕೆ ಹೊಡೆದಿದ್ದು, ಲೈನ್‌ನಲ್ಲೇ ಬಡಿದು ಬಿದ್ದಿದ್ದು, ಇವೆಲ್ಲ ಪ್ರಯತ್ನದ ಲೆಕ್ಕಕ್ಕೆ ಬರುತ್ತವೆ, ಯಾರ ಟಾರ್ಗೆಟ್ ಖಾತೆಗೂ ಬರಲ್ಲ. 560 ಪಾಸ್‌ಗೆ 530 ಟಾರ್ಗೆಟ್ ಅಂತ ಹಿಡಿಯಿರಿ. ಟಾರ್ಗೆಟ್ ಶೇರ್ ಕೊಡೋ ಸೈಟ್‌ಗಳಲ್ಲಿ ಬಹುತೇಕ ತಂಡದ ಟಾರ್ಗೆಟ್‌ನಿಂದ ಭಾಗಿಸಿರ್ತಾರೆ. ಅದನ್ನ ತಂದು 560ಕ್ಕೆ ಗುಣಿಸಿದ್ರೆ ಪ್ರತಿಯೊಬ್ಬನೂ ಉಬ್ಬುತ್ತಾನೆ. 530ರಲ್ಲಿ 26 ಶೇಕಡಾ ಅಂದ್ರೆ 138, ಕ್ಯಾಚ್ 87, ಯಾರ್ಡ್ 1,105, ಟಚ್‌ಡೌನ್ 6.9. ಒಟ್ಟು 195.4. ಒಂದೇ ತಪ್ಪಿಗೆ 11 ಪಾಯಿಂಟ್.

ಎಕ್ಸೆಲ್_ಮೇಷ್ಟ್ರು
ಸರಿ, ಎಲ್ಲರಿಗೂ ಒಂದೇ ಅಳತೆ ಹಾಕಿದ್ರೆ ಕ್ರಮಾಂಕ ಬದಲಾಗಲ್ಲ. ಆದ್ರೆ ರನ್ನಿಂಗ್ ಬ್ಯಾಕ್ ಜೊತೆ ಹೋಲಿಸುವಾಗ ರಿಸೀವರ್‌ಗಳೇ ಮೇಲೆ ಕಾಣ್ತಾರೆ. 530 ಬಳಸಿ.

ಸಿನ್ಸಿನಾಟಿ_ಹುಲಿ
ಪಾಸ್ ಸಂಖ್ಯೆ ಎಲ್ಲ ತಂಡಕ್ಕೂ 560 ಅಲ್ಲ ಅನ್ನೋದು ಯಾರೂ ಹೇಳ್ತಿಲ್ಲ. 2024ರಲ್ಲಿ ನಮ್ಮ ಕ್ವಾರ್ಟರ್‌ಬ್ಯಾಕ್ ಜೋ ಬರೋ ಒಬ್ಬನೇ 652 ಸಲ ಎಸೆದ. ಫಿಲಡೆಲ್ಫಿಯಾ ಇಡೀ ತಂಡ 450ರ ಆಸುಪಾಸು, ಲೀಗ್‌ನಲ್ಲೇ ಕಡಿಮೆ. 25 ಶೇಕಡಾ ಪಾಲು ಅಲ್ಲಿ 160ರ ಮೇಲೆ, ಇಲ್ಲಿ 112. ಅದಕ್ಕೇ ಚೇಸ್‌ಗೆ 175 ಟಾರ್ಗೆಟ್ ಬಂತು. ನಮ್ಮ ಡಿಫೆನ್ಸ್ ಗತಿ ನೋಡಿದ್ರಲ್ಲ, ಪ್ರತಿ ಪಂದ್ಯ 30 ಪಾಯಿಂಟ್ ಬೆನ್ನಟ್ಟಬೇಕು, ಎಸೀದೇ ಇನ್ನೇನು ಮಾಡ್ತಾನೆ.

ಫಿಲ್ಲಿ_ಫಿಲ್ಟರ್_ಕಾಫಿ
ನಮ್ಮ ಫಿಲಡೆಲ್ಫಿಯಾದವರು ಗೆಲ್ತಾ ಇರ್ತಾರೆ, ಮೂರನೇ ಕ್ವಾರ್ಟರ್ ಆದ್ಮೇಲೆ ಬ್ಯಾಕ್ ಸಾಕ್ವಾನ್ ಕೈಗೆ ಚೆಂಡು ಕೊಟ್ಟು ಮನೆಗೆ ಹೋಗ್ತಾರೆ. ರಿಸೀವರ್ ಏಜೆ ಬ್ರೌನ್ 13 ಪಂದ್ಯದಲ್ಲಿ 67 ಕ್ಯಾಚ್, 1,079 ಯಾರ್ಡ್. ಆಟಗಾರನಾಗಿ ಒಂದು ಕೊರತೆಯೂ ಇಲ್ಲ. ಗೋಲ್ ಲೈನ್ ಹತ್ರ ಬಂದ್ರೆ ಕ್ವಾರ್ಟರ್‌ಬ್ಯಾಕ್ ಹರ್ಟ್ಸ್‌ನ ಹಿಂದಿನಿಂದ ತಳ್ಳೋ ಆಟ, ರಿಸೀವರ್‌ಗೆ ಮಿಕ್ಕಿದ್ದು ಅಷ್ಟಕ್ಕಷ್ಟೇ. ಎರಡನೇ ಸುತ್ತಿನ ಕೊನೆಗೆ ಸಿಕ್ರೆ ತಗೋಬಹುದು, ಮೊದಲ ಸುತ್ತಿಗೆ ಬೇಡ.

ಕುಡ್ಲ_ಟು_ಟ್ಯಾಂಪಾ
ಅಲ್ಲ ಮಾರಾಯ್ರೆ, 20 ಟಾರ್ಗೆಟ್‌ಗೆ 1 ಟಚ್‌ಡೌನ್ ಅಂತ ಎಲ್ಲರಿಗೂ ಒಂದೇ ಅಚ್ಚು ಹಾಕುವುದು ಎಂತದ್ದು? ನಮ್ಮ ಎವನ್ಸ್ 2014ರಿಂದ 2024ರವರೆಗೆ 11 ವರ್ಷ ಬಿಡದೆ 1,000 ಯಾರ್ಡ್, ಜೆರ್ರಿ ರೈಸ್ ದಾಖಲೆಗೆ ಸಮ. ಎಂಡ್ ಝೋನ್ (ಟಚ್‌ಡೌನ್ ಆಗುವ ಜಾಗ) ಮೂಲೆಗೆ ಎತ್ತಿ ಎಸೆದರೆ ಅವನದ್ದೇ ಚೆಂಡು. ಅವನಿಗೂ 5 ಗಜ ಓಡುವ ಸ್ಲಾಟ್ ಹುಡುಗನಿಗೂ ಒಂದೇ ದರವಾ?

ಎಕ್ಸೆಲ್_ಮೇಷ್ಟ್ರು
ಒಪ್ಪಿದೆ. 20ಕ್ಕೆ 1 ಅನ್ನೋದು ಶುರುವಿಗೆ ಇಡೋ ಸಂಖ್ಯೆ. ಎಂಡ್ ಝೋನ್ ಟಾರ್ಗೆಟ್ ಎಷ್ಟು, ತಂಡ ಒಟ್ಟು ಎಷ್ಟು ಪಾಸಿಂಗ್ ಟಚ್‌ಡೌನ್ ಮಾಡುತ್ತೆ ನೋಡಿ ಮೇಲೆ ಕೆಳಗೆ ಸರಿಸಬೇಕು. ಎವನ್ಸ್‌ಗೆ 13ಕ್ಕೆ 1 ಹಾಕಿದ್ರೂ ಜಗಳ ಇಲ್ಲ.

ಎರಡು ತುದಿ ನೋಡಿ. ಡಿಯಾಂಟೆ ಜಾನ್ಸನ್ 2022ರಲ್ಲಿ 147 ಟಾರ್ಗೆಟ್, 86 ಕ್ಯಾಚ್, 882 ಯಾರ್ಡ್, ಟಚ್‌ಡೌನ್ ಸೊನ್ನೆ. ಟೆರ್ರಿ ಮೆಕ್ಲಾರಿನ್ 2024ರಲ್ಲಿ 117 ಟಾರ್ಗೆಟ್‌ಗೆ 13, ಅಂದ್ರೆ 9ಕ್ಕೆ 1. ಎರಡೂ ಹಾಗೇ ಮುಂದುವರಿಯುತ್ತೆ ಅಂತ ಬೆಲೆ ಕಟ್ಟಬಾರದು. ಮೆಕ್ಲಾರಿನ್‌ಗೆ ಅಷ್ಟೇ ಟಾರ್ಗೆಟ್ ಕೊಟ್ಟು 15ಕ್ಕೆ 1 ಹಾಕಿ: ಸುಮಾರು 8 ಟಚ್‌ಡೌನ್, 30 ಪಾಯಿಂಟ್ ಅಲ್ಲೇ ಹೋಯ್ತು. ಸಾಲದ್ದಕ್ಕೆ ಒಪ್ಪಂದದ ಜಗಳದಲ್ಲಿ 2025ರ ಕ್ಯಾಂಪ್ ಪೂರ್ತಿ ಅಭ್ಯಾಸ ಇಲ್ಲ. ಚೇಸ್‌ಗೂ ಅಷ್ಟೇ, 17 ಇದ್ದದ್ದು 11 ಆದ್ರೆ 36 ಪಾಯಿಂಟ್ ಕಮ್ಮಿ. ಆದ್ರೂ ಹಾಫ್ ಪಿಪಿಆರ್‌ನಲ್ಲಿ 300 ದಾಟ್ತಾನೆ, ಅದಕ್ಕೇ ಅವನು ಮೊದಲ ಪಿಕ್.

ವೇವರ್_ವೈರ್
"ಸರಾಸರಿಗೆ ಮರಳುತ್ತೆ" ಅಂತ ಜಪ ಮಾಡೋರಿಗೆ ಜಾರ್ಡನ್ ಆಡಿಸನ್ ಉತ್ತರ. 2023ರಲ್ಲಿ 70 ಕ್ಯಾಚ್‌ಗೆ 10 ಟಚ್‌ಡೌನ್. ಮುಂದಿನ ವರ್ಷ ಬೀಳ್ತಾನೆ ಬೀಳ್ತಾನೆ ಅಂದ್ರು. 2024ರಲ್ಲಿ 63 ಕ್ಯಾಚ್‌ಗೆ 9.

ಫಿಲ್ಲಿ_ಫಿಲ್ಟರ್_ಕಾಫಿ
ಆಡಿಸನ್ ತಂಡದಲ್ಲೇ ಆ ಬದಿಗೆ ಜೆಫರ್ಸನ್ ಇದ್ದಾನೆ. ಇಬ್ಬರು ಡಿಫೆಂಡರ್ ಆ ಕಡೆ ಹೋದ್ರೆ ಇವನಿಗೆ ಒಬ್ಬನೇ. ದರ ಹೆಚ್ಚಿರೋದಕ್ಕೆ ಕಾರಣ ಇದೆ, ಬರೀ ಅದೃಷ್ಟ ಅಲ್ಲ. ಕಾರಣ ಹೇಳೋಕೆ ಆಗೋ ಕಡೆ ಅರ್ಧ ಮಾತ್ರ ಇಳಿಸಿ, ಹೇಳೋಕೆ ಆಗದ ಕಡೆ ಪೂರ್ತಿ ಇಳಿಸಿ. ಅಂದ ಹಾಗೆ 2025ರಲ್ಲಿ ಆಡಿಸನ್‌ಗೆ ಮೊದಲ 3 ಪಂದ್ಯ ಅಮಾನತು, ಅದನ್ನ ಮರೀಬೇಡಿ.

ಡಿಯಾಂಟೆ ವಿಷಯದಲ್ಲೂ ಅರ್ಧ ತಪ್ಪು ಪಿಟ್ಸ್‌ಬರ್ಗ್‌ದು. ಆ ವರ್ಷ ಹೊಸಬ ಕ್ವಾರ್ಟರ್‌ಬ್ಯಾಕ್ ಪಿಕೆಟ್ ಎಸೆದದ್ದೇ 7 ಟಚ್‌ಡೌನ್. ಹುಂಡಿಯಲ್ಲೇ ಕಾಸಿಲ್ಲ ಅಂದ್ರೆ ಪಾಲು ಎಲ್ಲಿಂದ.

ಎಂಟನೇ_ಪಿಕ್
ಟಾರ್ಗೆಟ್ ಪಾಲು ಮುಂದಿನ ವರ್ಷ ಎಷ್ಟಾಗುತ್ತೆ ಅಂತ ಊಹಿಸೋದು ಹೇಗೆ? ಅದೇ ತಾನೆ ಕಷ್ಟದ ಭಾಗ.

ಸ್ಲಾಟ್_ರಿಸೀವರ್
ಎರಡು ತುಂಡು ಮಾಡಿ. ಪಾಸ್ ಆಟಗಳಲ್ಲಿ ಎಷ್ಟು ಸಲ ರೂಟ್ ಓಡ್ತಾನೆ ಅನ್ನೋದು ಒಂದು. ಓಡಿದಾಗ ಎಷ್ಟು ಸಲ ಚೆಂಡು ಇವನ ಕಡೆ ಬರುತ್ತೆ ಅನ್ನೋದು ಇನ್ನೊಂದು. ಮೊದಲನೆಯದು ಕೋಚ್ ಕೊಡೋದು, ಎರಡನೆಯದು ಆಟಗಾರ ಗಳಿಸೋದು. ಓಡಿದ ರೂಟ್‌ಗಳಲ್ಲಿ 20 ಶೇಕಡಾ ಟಾರ್ಗೆಟ್ ಬಂದ್ರೆ ಪರವಾಗಿಲ್ಲ, 25 ದಾಟಿದ್ರೆ ನಿಜವಾದ ಸರಕು. 60 ಶೇಕಡಾ ರೂಟ್ ಓಡಿ 26 ಶೇಕಡಾ ಟಾರ್ಗೆಟ್ ಗಳಿಸಿದವನು ಮುಂದಿನ ವರ್ಷ 90 ಶೇಕಡಾ ಓಡೋ ಹಾಗಾದ್ರೆ ಸಿಡೀತಾನೆ. ತಿರುಗಾಮುರುಗಾ ಆದ್ರೆ, ಅಂದ್ರೆ 95 ಓಡಿ 15 ಗಳಿಸಿದವನು, ಅವನು ಸುಮ್ಮನೆ ವ್ಯಾಯಾಮ ಮಾಡ್ತಿದ್ದಾನೆ ಅಷ್ಟೇ.

ಸ್ನ್ಯಾಪ್ (ಮೈದಾನದಲ್ಲಿದ್ದ ಆಟಗಳ) ಸಂಖ್ಯೆ ನೋಡಿ ಮೋಸ ಹೋಗಬೇಡಿ. ರನ್ ಆಟದಲ್ಲಿ ಬ್ಲಾಕ್ ಮಾಡೋಕೆ ಅಂತಲೇ ಕೆಲವರನ್ನ ಇಳಿಸ್ತಾರೆ. ಸ್ನ್ಯಾಪ್ ಲೆಕ್ಕದಲ್ಲಿ ಇರ್ತಾರೆ, ರೂಟ್ ಲೆಕ್ಕದಲ್ಲಿ ಇರಲ್ಲ.

ರೂಟ್‌ಗೆ ಎಷ್ಟು ಯಾರ್ಡ್ ಅನ್ನೋದೂ ಒಂದೇ ಸಲಕ್ಕೆ ಬಹಳ ಹೇಳುತ್ತೆ. 2.0 ದಾಟಿದ್ರೆ ಒಳ್ಳೆಯವನು, 2.5 ದಾಟಿದ್ರೆ ಲೀಗ್‌ನ ಮೇಲಿನ ಸಾಲು. ಆದ್ರೆ 150 ರೂಟ್ ಓಡಿದವನ 2.5 ನಂಬಬೇಡಿ, ಎರಡು ಉದ್ದದ ಕ್ಯಾಚ್ ಸಾಕು ಅದನ್ನ ಉಬ್ಬಿಸೋಕೆ.

ಝೀರೋ_ಆರ್‌ಬಿ
ಇದಕ್ಕೆ ಏರ್ ಯಾರ್ಡ್ಸ್ ಸೇರಿಸ್ಕೊಳ್ಳಿ. ಟಾರ್ಗೆಟ್ ಶೇರ್‌ಗೆ 1.5, ಏರ್ ಯಾರ್ಡ್ಸ್ ಶೇರ್‌ಗೆ 0.7 ಗುಣಿಸಿ ಕೂಡಿದ್ರೆ ವೋಪರ್ ಅಂತ ಒಂದು ಅಂಕಿ ಬರುತ್ತೆ. 28 ಶೇಕಡಾ ಟಾರ್ಗೆಟ್, 38 ಶೇಕಡಾ ಏರ್ ಯಾರ್ಡ್ಸ್ ಇದ್ರೆ 0.42 + 0.27 = 0.69. 0.7 ಹತ್ರ ಇರೋನು ತಂಡದ ನಂಬರ್ 1, ಅನುಮಾನ ಬೇಡ. ವಾರದ ಟಾರ್ಗೆಟ್ 7 ಇದ್ರೂ ಎಲ್ಲ ಆಟ ಶುರುವಾಗೋ ಲೈನ್ ಹಿಂದೆಯೇ ಹಿಡೀತಾನೆ ಅಂದ್ರೆ ಈ ಅಂಕಿ ಅವನನ್ನ ಹಿಡಿದುಕೊಡುತ್ತೆ.

ಧಾರವಾಡ್_ಪೇಡೆ
ಇಷ್ಟೆಲ್ಲಾ ಅಂಕಿ ಮಾಡಿ ಕಡೀಕ ಕ್ವಾರ್ಟರ್‌ಬ್ಯಾಕ್ ಯಾರು ಅನ್ನೋದ ಮರತ್ರ ಎಲ್ಲಾ ನೀರಾಗ ಹೋಮ. ಗ್ಯಾರೆಟ್ ವಿಲ್ಸನ್ 2023: 168 ಟಾರ್ಗೆಟ್. ಬಂದಿದ್ದು 95 ಕ್ಯಾಚ್, 1,042 ಯಾರ್ಡ್, 3 ಟಚ್‌ಡೌನ್. ಅವನ ಕ್ವಾರ್ಟರ್‌ಬ್ಯಾಕ್ ರಾಡ್ಜರ್ಸ್ ಮೊದಲ ಪಂದ್ಯದಾಗ ನಾಕ ಆಟಕ್ಕ ಕಾಲು ಮುರ್ಕೊಂಡು ಹೋದ್ರು, ಆಮ್ಯಾಲ ಯಾರ ಎಸದ್ರ ಅಂತ ಎಲ್ಲಾರಿಗೂ ಗೊತ್ತೈತಿ. ಟಾರ್ಗೆಟ್ ರಾಜ, ಕ್ಯಾಚ್ ಭಿಕ್ಷುಕ.

ಎಕ್ಸೆಲ್_ಮೇಷ್ಟ್ರು
ಕಾಲಲ್ಲ ಪೇಡೆಯವರೇ, ಹಿಮ್ಮಡಿ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿದದ್ದು. ಉಳಿದದ್ದು ಸರಿ.

ಧಾರವಾಡ್_ಪೇಡೆ
ಅಕಿಲಿಸ್ ಏನು ಕೈಯಾಗ ಇರ್ತದೇನ್ರಿ?

ಸ್ಲಾಟ್_ರಿಸೀವರ್
😂 ಪಾಯಿಂಟ್ ಇದೆ.

ಡ್ರೇಕ್ ಲಂಡನ್ ಇದಕ್ಕೆ ತಿರುವುಮುರುವು ಉದಾಹರಣೆ. 2023ರಲ್ಲಿ ರಿಡರ್ ಎಸೀತಿದ್ದ, ಆರ್ಥರ್ ಸ್ಮಿತ್ ಕೋಚ್, ಓಡಿಸೋದೇ ಓಡಿಸೋದು. 110 ಟಾರ್ಗೆಟ್, 905 ಯಾರ್ಡ್, 2 ಟಚ್‌ಡೌನ್. ಮರುವರ್ಷ ಕೋಚ್ ಬದಲು, ಕ್ವಾರ್ಟರ್‌ಬ್ಯಾಕ್ ಬದಲು: 158 ಟಾರ್ಗೆಟ್, 100 ಕ್ಯಾಚ್, 1,271 ಯಾರ್ಡ್, 9 ಟಚ್‌ಡೌನ್. ಹುಡುಗ ಅದೇ, ಕೈ ಅವೇ. ಪ್ರತಿ ಆಗಸ್ಟ್‌ನಲ್ಲಿ ಮೊದಲು ಮಾಡಬೇಕಾದ ಕೆಲಸ ಇದು: ಹೊಸ ಆಫೆನ್ಸಿವ್ ಕೋಆರ್ಡಿನೇಟರ್ (ದಾಳಿ ಆಟದ ಕೋಚ್) ಎಲ್ಲಿ ಬಂದ, ಹೊಸ ಕ್ವಾರ್ಟರ್‌ಬ್ಯಾಕ್ ಎಲ್ಲಿ, ಯಾರ ಟಾರ್ಗೆಟ್ ಖಾಲಿ ಆಯ್ತು, ಆ ಜಾಗಕ್ಕೆ ಯಾರು ಬಂದ್ರು. ಇದನ್ನ ಒಂದು ಹಾಳೆಯಲ್ಲಿ ಬರ್ಕೊಳ್ಳಿ.

ಈ ವರ್ಷದ್ದು (2025) ನೋಡಿ. ಸಿಯಾಟಲ್‌ನಿಂದ ಮೆಟ್‌ಕಾಫ್ ಪಿಟ್ಸ್‌ಬರ್ಗ್‌ಗೆ, ಲಾಕೆಟ್‌ನೂ ಬಿಟ್ರು. ಅಲ್ಲೇ ಉಳಿದ ಸ್ಮಿತ್-ಎನ್‌ಜಿಗ್ಬಾ 2024ರಲ್ಲಿ ಆಗಲೇ 100 ಕ್ಯಾಚ್, 1,130 ಯಾರ್ಡ್. ಪಾಲು ಏರೋಕೆ ಜಾಗ ಇದೆ. ಎದುರಿಗೆ ಚಾರ್ಜರ್ಸ್‌ನ ಮೆಕಾಂಕಿ: ಹೊಸಬನಾಗಿ 82 ಕ್ಯಾಚ್, 1,149 ಯಾರ್ಡ್, ಈಗ ಕೀನನ್ ಆಲನ್ ವಾಪಸ್ ಚಾರ್ಜರ್ಸ್‌ಗೆ ಬಂದಿದ್ದಾರೆ. ಇಬ್ಬರೂ ಓಡೋದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಮೇಲೆ ಎಡ ಟ್ಯಾಕಲ್ ಸ್ಲೇಟರ್ ಮಂಡಿ ಗಾಯದಿಂದ ಸೀಸನ್ ಪೂರ್ತಿ ಹೊರಗೆ. ಈ ಸುದ್ದಿ ಬರೋಕೆ ಮುಂಚಿನ ಎಡಿಪಿಯಲ್ಲೇ ಇನ್ನೂ ಕೂತಿದ್ರೆ ಬೆಲೆ ಜಾಸ್ತಿ ಆಯ್ತು.

ಸಿನ್ಸಿನಾಟಿ_ಹುಲಿ
ಖಾಲಿ ಟಾರ್ಗೆಟ್ ಲೆಕ್ಕ ನನಗೆ ನಂಬಿಕೆ ಇಲ್ಲ. ಸೀಟು ಖಾಲಿ ಆಯ್ತು ಅಂತ ಪಕ್ಕದವನಿಗೇ ಸಿಗಬೇಕು ಅಂತಿಲ್ಲ. ಕೋಚ್ ಟೈಟ್ ಎಂಡ್‌ಗೆ ಕೊಡಬಹುದು, ಪಾಸ್ ಮಾಡೋದನ್ನೇ ಕಮ್ಮಿ ಮಾಡಬಹುದು.

ಸ್ಲಾಟ್_ರಿಸೀವರ್
ಅದಕ್ಕೇ ರೂಟ್‌ಗೆ ಟಾರ್ಗೆಟ್ ಮೊದಲು ನೋಡು ಅಂದಿದ್ದು. ಮೊದಲೇ ಗಳಿಸ್ತಿದ್ದವನಿಗೆ ಖಾಲಿ ಜಾಗ ಲಾಭ. ಗಳಿಸದೇ ಇದ್ದವನಿಗೆ ಎಷ್ಟು ಖಾಲಿ ಮಾಡಿಕೊಟ್ರೂ ಅಷ್ಟೇ.

ಬೆಂಗ್ಳೂರ್_ನೈಟ್‌ಶಿಫ್ಟ್
ನಡುವೆ ಬಂದೆ, ಕ್ಷಮಿಸಿ. ನಮ್ಮ ಟೀಮ್‌ನ ಅಮೆರಿಕ ಕಡೆಯವರು ಲೀಗ್‌ಗೆ ಸೇರಿಸಿದ್ದಾರೆ. ಡ್ರೀಮ್11 ಥರ ಅಲ್ವಾ ಇದು? 100 ಕ್ರೆಡಿಟ್‌ನಲ್ಲಿ ಟೀಮ್ ಕಟ್ಟೋದು, ಕ್ಯಾಪ್ಟನ್‌ಗೆ ಡಬಲ್?

ವೇವರ್_ವೈರ್
ಅಲ್ಲ ಬಾಸ್. ಅಲ್ಲಿ ಕೊಹ್ಲಿ ಎಲ್ಲರ ಟೀಮ್‌ನಲ್ಲೂ ಇರಬಹುದು. ಇಲ್ಲಿ ಜೆಫರ್ಸನ್‌ನ ಒಬ್ಬ ತಗೊಂಡ್ರೆ ಉಳಿದ 11 ಜನಕ್ಕೆ ಇಲ್ಲ, ಅದೂ ಸೀಸನ್ ಪೂರ್ತಿ. ಕ್ಯಾಪ್ಟನ್ ಇಲ್ಲ. ಐಪಿಎಲ್ ಹರಾಜು ಇದಕ್ಕೆ ಹತ್ತಿರ. ಅದೂ ಅಲ್ದೆ ಡ್ರೀಮ್11 ದುಡ್ಡಿನ ಸ್ಪರ್ಧೆ 2025ರ ಆಗಸ್ಟ್‌ನಲ್ಲಿ ಹೊಸ ಕಾನೂನು ಬಂದ ಮೇಲೆ ನಿಂತೇ ಹೋಯ್ತಲ್ಲ.

ಬೆಂಗ್ಳೂರ್_ನೈಟ್‌ಶಿಫ್ಟ್
ಓ ಸರಿ. ಡ್ರಾಫ್ಟ್ ಅವರ ಈಸ್ಟರ್ನ್ ಟೈಮ್ ರಾತ್ರಿ 8ಕ್ಕೆ ಅಂತೆ.

ಫಿಲ್ಲಿ_ಫಿಲ್ಟರ್_ಕಾಫಿ
ನಿಮಗೆ ಮರುದಿನ ಬೆಳಗ್ಗೆ 5:30. ಹಿಂದಿನ ರಾತ್ರಿಯೇ ಆ್ಯಪ್‌ನಲ್ಲಿ ನಿಮ್ಮದೇ ಕ್ರಮಾಂಕ ಹಾಕಿ ಸೇವ್ ಮಾಡಿ. ಪಿಕ್‌ಗೆ 60ರಿಂದ 90 ಸೆಕೆಂಡ್ ಇರುತ್ತೆ. ಸಮಯ ಮೀರಿದ್ರೆ ಕ್ಯೂನಲ್ಲಿ ಇರೋರನ್ನ ಎತ್ತುತ್ತೆ, ಕ್ಯೂ ಖಾಲಿ ಇದ್ರೆ ಸೈಟ್‌ನ ಪಟ್ಟಿಯಿಂದ ಎತ್ತುತ್ತೆ. ಕ್ಯೂನಲ್ಲಿ ಯಾವಾಗಲೂ 4-5 ಹೆಸರು ಇರಲಿ.

ಮಾಡರೇಟರ್
ಕಾನೂನು, ಬೆಟ್ಟಿಂಗ್ ಚರ್ಚೆ ಬೇರೆ ಥ್ರೆಡ್‌ನಲ್ಲಿ. ಇಲ್ಲಿ ರಿಸೀವರ್.

ಎಂಟನೇ_ಪಿಕ್
ಗಾಯದ ಲೆಕ್ಕ ಹೇಗೆ? ಸಿನ್ಸಿನಾಟಿಯ ಟೀ ಹಿಗ್ಗಿನ್ಸ್ ವಿಷಯ ಕೇಳ್ತಿದ್ದೀನಿ. 32ಕ್ಕೆ ಉಳೀಬಹುದೇನೋ ಅಂತ ಆಸೆ.

ಸಿನ್ಸಿನಾಟಿ_ಹುಲಿ
32ಕ್ಕೆ ಉಳಿದ್ರೆ ಕಣ್ಣು ಮುಚ್ಚಿ ತಗೊಳ್ಳಿ. 2024ರಲ್ಲಿ 12 ಪಂದ್ಯಕ್ಕೆ 73 ಕ್ಯಾಚ್, 911 ಯಾರ್ಡ್, 10 ಟಚ್‌ಡೌನ್.

ಎಕ್ಸೆಲ್_ಮೇಷ್ಟ್ರು
ಕಣ್ಣು ತೆರೆದೇ ನೋಡೋಣ. ಹಾಫ್ ಪಿಪಿಆರ್‌ನಲ್ಲಿ 36.5 + 91.1 + 60 = 187.6. 12ರಿಂದ ಭಾಗಿಸಿದ್ರೆ ಪಂದ್ಯಕ್ಕೆ 15.6. 2023ರಲ್ಲೂ 12 ಪಂದ್ಯವೇ ಆಡಿದ್ದು, ಹಾಗಾಗಿ 17 ಅಂತ ಹಿಡಿಯೋದು ಬೇಡ, 14 ಹಿಡಿಯೋಣ. 14 × 15.6 = 218.4. ಉಳಿದ 3 ವಾರ ಆ ಜಾಗ ಖಾಲಿ ಇರಲ್ಲ, ಬೆಂಚ್‌ನಿಂದ ಯಾರನ್ನೋ ಇಳಿಸ್ತೀರಿ, ಅವನು 8 ಕೊಟ್ರೆ 24. ಒಟ್ಟು 242. ಬಹಳ ಜನ ಆ 24ನ್ನ ಸೊನ್ನೆ ಅಂತ ಹಾಕಿ ಗಾಯದ ಆಟಗಾರನನ್ನ ಮಿತಿಮೀರಿ ಕೆಳಗಿಳಿಸ್ತಾರೆ. ಇಲ್ಲೇ ಸಸ್ತಾದಲ್ಲಿ ಸಿಗೋದು. ಆದ್ರೆ 10 ಟಚ್‌ಡೌನ್ ಪುನಃ ಬರುತ್ತೆ ಅಂತ ಹಿಡಿಬೇಡಿ. 7ಕ್ಕೆ ಇಳಿಸಿ 12 ಪಂದ್ಯಕ್ಕೆ ಮತ್ತೆ ಲೆಕ್ಕ ಹಾಕಿದ್ರೆ ಪಂದ್ಯಕ್ಕೆ 14.1, ಒಟ್ಟು 221ರ ಹತ್ರ. ಆದ್ರೂ 32ಕ್ಕೆ ಲಾಭವೇ.

ಹ್ಯಾಮ್‌ಸ್ಟ್ರಿಂಗ್ ಮರುಕಳಿಸೋ ಗಾಯ, ಅದೂ ಆಗಸ್ಟ್‌ನಲ್ಲಿ ಆದದ್ದು ಸೆಪ್ಟೆಂಬರ್ ಪೂರ್ತಿ ಕಾಡುತ್ತೆ. ಮುರಿದ ಬೆರಳು, ಪಕ್ಕೆಲುಬು ಅಷ್ಟು ಚಿಂತೆ ಇಲ್ಲ.

ಧಾರವಾಡ್_ಪೇಡೆ
ಬೆಂಚ್‌ನ್ಯಾಗ 6 ಮಂದಿ ಇದ್ರ ಇದು ಸರಿ. ಬೆಂಚ್ 4 ಇದ್ದು ಐಆರ್ (ಗಾಯಾಳು ಇಡೂ) ಜಾಗ ಇಲ್ಲದ ಲೀಗ್‌ನ್ಯಾಗ ಗಾಯಾಳು ಹಿಡ್ಕೊಂಡು ಕುಂಡ್ರೂದು ದುಬಾರಿ.

ಕುಡ್ಲ_ಟು_ಟ್ಯಾಂಪಾ
ಹೊಸಬರ ಕತೆ ಎಂತ? ಕಳೆದ ವರ್ಷ ಮಾರ್ವಿನ್ ಹ್ಯಾರಿಸನ್ ಜೂನಿಯರ್‌ಗೆ ಎರಡನೇ ಸುತ್ತು ಕೊಟ್ಟವರು ಎಷ್ಟು ಮಂದಿ ಅತ್ತರು! 62 ಕ್ಯಾಚ್, 885 ಯಾರ್ಡ್, 8. ಅದೇ ವರ್ಷದ ನೇಬರ್ಸ್ ಅವನಿಗಿಂತ ಅಗ್ಗಕ್ಕೆ ಸಿಕ್ಕಿ 15 ಪಂದ್ಯದಲ್ಲೇ 170 ಟಾರ್ಗೆಟ್, 109 ಕ್ಯಾಚ್. ಬ್ರಯಾನ್ ಥಾಮಸ್ ಇನ್ನೂ ಅಗ್ಗ, 1,282 ಯಾರ್ಡ್, 10. ಹೆಸರಿಗೆ ಹಣ ಕೊಡುವುದಕ್ಕಿಂತ ಟಾರ್ಗೆಟ್ ಇರುವ ಜಾಗಕ್ಕೆ ಕೊಡುವುದು ಒಳ್ಳೆಯದು. ಜೈಂಟ್ಸ್‌ನಲ್ಲಿ ನೇಬರ್ಸ್ ಬಿಟ್ಟರೆ ಎಸೆಯಲಿಕ್ಕೆ ಬೇರೆ ಯಾರಿದ್ದರು? ಹ್ಯಾರಿಸನ್‌ನ ಅರಿಝೋನಾದಲ್ಲಿ ಟೈಟ್ ಎಂಡ್ ಮೆಕ್‌ಬ್ರೈಡ್ ಮೊದಲೇ ಕುಳಿತಿದ್ದ.

ಝೀರೋ_ಆರ್‌ಬಿ
ಕೊನೆ ಸುತ್ತುಗಳಿಗೆ ಇದೇ ಪಾಠ ಇನ್ನೂ ಜೋರು. ಪೂಕಾ ನಕುವಾ 2023ರಲ್ಲಿ ಎನ್‌ಎಫ್‌ಎಲ್ ಡ್ರಾಫ್ಟ್‌ನ ಐದನೇ ಸುತ್ತಿನ ಆಯ್ಕೆ, ಬಹುತೇಕ ಫ್ಯಾಂಟಸಿ ಲೀಗ್‌ಗಳಲ್ಲಿ ಯಾರೂ ಕೈ ಹಾಕಲಿಲ್ಲ. ಆಗಸ್ಟ್ ಕೊನೆಗೆ ಅದೇ ತಂಡದ ರಿಸೀವರ್ ಕಪ್‌ನ ಹ್ಯಾಮ್‌ಸ್ಟ್ರಿಂಗ್ ಮತ್ತೆ ಕೈಕೊಟ್ಟಿತ್ತು, ಮೊದಲ 4 ಪಂದ್ಯ ಇಲ್ಲ. ಮೊದಲ ವಾರ 15 ಟಾರ್ಗೆಟ್, ಎರಡನೇ ವಾರ 20. ವರ್ಷದ ಕೊನೆಗೆ 105 ಕ್ಯಾಚ್, 1,486 ಯಾರ್ಡ್, ಎರಡೂ ಆಗಿನ ಹೊಸಬರ ದಾಖಲೆ. 12ನೇ ಸುತ್ತಿನಿಂದ ಮುಂದೆ "ವಾರಕ್ಕೆ 7 ಪಾಯಿಂಟ್ ಗ್ಯಾರಂಟಿ" ಅನ್ನೋ ಹಳೇ ರಿಸೀವರ್ ಬೇಡ. ಅಂಥವರು ಅಕ್ಟೋಬರ್‌ನಲ್ಲೂ ವೇವರ್‌ನಲ್ಲಿ (ಯಾವ ತಂಡದಲ್ಲೂ ಇಲ್ಲದವರ ಪಟ್ಟಿ) ಸಿಗ್ತಾರೆ. ನಂಬರ್ 1 ಯಾರು ಅಂತ ಇತ್ಯರ್ಥ ಆಗದ ತಂಡದಲ್ಲಿ ಎರಡನೇ ವರ್ಷದವನು, ಹೊಸಬ, ಅಂಥವರನ್ನ ಹಾಕಿಕೊಳ್ಳಿ. ಮೂರು ವಾರದಲ್ಲಿ ರೂಟ್ ಸಂಖ್ಯೆ ಏರದಿದ್ರೆ ಬಿಸಾಕಿ.

ವೇವರ್_ವೈರ್
ಈ ಪೋಸ್ಟ್‌ಗೆ ನನ್ನ ಹೆಸರೇ ಇಡಬಹುದು.

ಎಂಟನೇ_ಪಿಕ್
ಸರಿ, ಡ್ರಾಫ್ಟ್ ರೂಮಲ್ಲಿ ಕೂತಾಗ? ಅಂಕಿ ಎಲ್ಲ ಇದ್ರೂ 17ಕ್ಕೆ ರಿಸೀವರಾ ಬ್ಯಾಕಾ ಅನ್ನೋ ಪ್ರಶ್ನೆ ಬಂದೇ ಬರುತ್ತೆ.

ಫಿಲ್ಲಿ_ಫಿಲ್ಟರ್_ಕಾಫಿ
ನಿಮ್ಮ ಜಾಗದ ಅಂತರ ನೋಡಿ. 17 ಆದ್ಮೇಲೆ 32, ನಡುವೆ ಬೇರೆಯವರು 14 ಜನರನ್ನ ಎತ್ತುತ್ತಾರೆ. 32 ಆದ್ಮೇಲೆ 41, ನಡುವೆ 8 ಮಾತ್ರ. ಪಟ್ಟಿಯನ್ನ ಒಂದು, ಎರಡು, ಮೂರು ಅಂತ ನಂಬರ್ ಹಾಕೋ ಬದಲು ಪಾಯಿಂಟ್ ದೊಡ್ಡದಾಗಿ ಇಳಿಯೋ ಕಡೆ ಗೆರೆ ಎಳೆದು ಟಿಯರ್ ಮಾಡಿ. 17ರ ಹೊತ್ತಿಗೆ ಆ ಟಿಯರ್‌ನಲ್ಲಿ ರಿಸೀವರ್ 6 ಜನ ಉಳಿದು, ಬ್ಯಾಕ್ ಒಬ್ಬನೇ ಉಳಿದಿದ್ರೆ? 14 ಪಿಕ್ ಅಂದ್ರೆ ಆ 6 ರಿಸೀವರೂ ಹೋಗಬಹುದು, ಬ್ಯಾಕ್ ಅಂತೂ ಹೋಗೇ ಹೋಗ್ತಾನೆ. ಆಗ ಪ್ರಶ್ನೆ ಮುಂದಿನ ಟಿಯರ್‌ಗೂ ಇದಕ್ಕೂ ಯಾವ ಜಾಗದಲ್ಲಿ ಹೆಚ್ಚು ಅಂತರ ಅನ್ನೋದು. ಬ್ಯಾಕ್‌ನಲ್ಲಿ 40 ಪಾಯಿಂಟ್ ಬೀಳುತ್ತೆ, ರಿಸೀವರ್‌ನಲ್ಲಿ 15 ಬೀಳುತ್ತೆ ಅಂದ್ರೆ ಬ್ಯಾಕ್ ತಗೊಳ್ಳಿ, ರಿಸೀವರ್ ಹೆಸರು ಎಷ್ಟೇ ದೊಡ್ಡದಿರಲಿ. 32ರಲ್ಲಿ ಲೆಕ್ಕ ಬೇರೆ. 8 ಪಿಕ್ ಮಾತ್ರ ದಾಟಬೇಕು, ಒಂದೇ ಟಿಯರ್‌ನಲ್ಲಿ 9 ಜನ ಇದ್ರೆ ಯಾರಾದ್ರೂ ಒಬ್ಬ ಉಳಿದೇ ಉಳೀತಾನೆ.

ಝೀರೋ_ಆರ್‌ಬಿ
2 ರಿಸೀವರ್ ಲೀಗ್‌ನಲ್ಲಿ ನಾನೂ ನನ್ನ ಹೆಸರಿಗೆ (ಝೀರೋ ಆರ್‌ಬಿ, ಅಂದ್ರೆ ಶುರುವಿನ ಸುತ್ತಲ್ಲಿ ರನ್ನಿಂಗ್ ಬ್ಯಾಕ್ ಬೇಡ) ಅಂಟಿಕೊಳ್ಳಲ್ಲ. ಮೊದಲ ಎರಡರಲ್ಲಿ ಒಬ್ಬ ಬ್ಯಾಕ್ ಇರಲಿ.

ಧಾರವಾಡ್_ಪೇಡೆ
ಈ ಮಾತ ಬರದು ಗ್ವಾಡಿಗೆ ಹಚ್ಚೂದು ಐತಿ.

ಕುಡ್ಲ_ಟು_ಟ್ಯಾಂಪಾ
ಹರಾಜು ಲೀಗ್‌ನಲ್ಲಿ ಈ ಬೇಸ್‌ಲೈನ್ ಪಾಯಿಂಟನ್ನು ಡಾಲರ್‌ಗೆ ತಿರುಗಿಸುವುದು ಹೇಗೆ?

ಎಕ್ಸೆಲ್_ಮೇಷ್ಟ್ರು
12 ತಂಡ × ತಲಾ 200 ಬಜೆಟ್ = 2,400 ಡಾಲರ್. ತಂಡಕ್ಕೆ 15 ಜಾಗ ಇದ್ರೆ 180 ಜಾಗ, ಪ್ರತಿಯೊಂದಕ್ಕೂ ಕನಿಷ್ಠ 1 ಡಾಲರ್ ತೆಗೆದಿಟ್ರೆ ಉಳಿದದ್ದು 2,220. ಎಲ್ಲ ಆಟಗಾರರ ಬೇಸ್‌ಲೈನ್ ಮೇಲಿನ ಪಾಯಿಂಟ್ ಕೂಡಿ. 4,440 ಬಂತು ಅಂದ್ಕೊಳ್ಳಿ, ಆಗ ಪಾಯಿಂಟ್‌ಗೆ 50 ಸೆಂಟ್. 70 ಪಾಯಿಂಟ್ ಮೇಲಿರೋ ರಿಸೀವರ್‌ಗೆ 35 + 1 = 36 ಡಾಲರ್. ಅದಕ್ಕಿಂತ ಏರಿದ್ರೆ ಕೈ ಕೆಳಗೆ ಹಾಕಿ. ಆದ್ರೆ ಮೊದಲ ಅರ್ಧ ಗಂಟೆ ಎಲ್ಲರೂ ಹೆಚ್ಚು ಕೊಡ್ತಾರೆ, ಮಧ್ಯದ ರಿಸೀವರ್‌ಗಳು ಕೊನೆಗೆ ಕಡಿಮೆಗೆ ಬೀಳ್ತಾರೆ.

ಎಂಟನೇ_ಪಿಕ್
ಬೈ ವೀಕ್ (ತಂಡಕ್ಕೆ ಪಂದ್ಯ ಇಲ್ಲದ ವಾರ), ಪ್ಲೇಆಫ್ ವೇಳಾಪಟ್ಟಿ ಇವೆಲ್ಲ?

ಸ್ಲಾಟ್_ರಿಸೀವರ್
ಬೈ ವೀಕ್ ಮರೆತುಬಿಡಿ. ಫ್ಯಾಂಟಸಿ ಪ್ಲೇಆಫ್ ನಡೆಯೋ 15ರಿಂದ 17ನೇ ವಾರದ ಎದುರಾಳಿ ಯಾರು ಅಂತ ಆಗಸ್ಟ್‌ನಲ್ಲಿ ನೋಡೋದು ದಂಡ, ಡಿಫೆನ್ಸ್‌ಗಳು ಅಷ್ಟೊತ್ತಿಗೆ ಅದಲುಬದಲು ಆಗಿರುತ್ತವೆ. ಇಬ್ಬರು ಪೂರ್ತಿ ಸಮ ಅಂದಾಗ ಮಾತ್ರ ಅದನ್ನ ನೋಡಿ.

ಬೆಂಗ್ಳೂರ್_ನೈಟ್‌ಶಿಫ್ಟ್
ಇನ್ನೊಂದೇ ಪ್ರಶ್ನೆ. ಜಾಗ್ವಾರ್ಸ್‌ನ ಟ್ರಾವಿಸ್ ಹಂಟರ್ ರಿಸೀವರೂ ಹೌದು ಕಾರ್ನರ್‌ಬ್ಯಾಕೂ ಹೌದಂತೆ. ಎರಡರ ಪಾಯಿಂಟೂ ಬರುತ್ತಾ?

ವೇವರ್_ವೈರ್
ಬಂದಿದ್ರೆ ಮೊದಲ ಸುತ್ತಲ್ಲೇ ಹೋಗ್ತಿದ್ದ.

ಸ್ಲಾಟ್_ರಿಸೀವರ್
ನಿಮ್ಮ ಲೀಗ್‌ನಲ್ಲಿ ಐಡಿಪಿ (ಡಿಫೆನ್ಸ್ ಆಟಗಾರರನ್ನ ಒಬ್ಬೊಬ್ಬರಾಗಿ ತಗೊಳ್ಳೋದು) ಇಲ್ಲ ಅಂದ್ರೆ ಬರಲ್ಲ. ಅವನು ಇಂಟರ್‌ಸೆಪ್ಷನ್ ಮಾಡಿದ್ರೆ ಆ ಪಾಯಿಂಟ್ ಜಾಗ್ವಾರ್ಸ್ ಡಿಫೆನ್ಸ್ ಇಟ್ಟುಕೊಂಡವರ ಖಾತೆಗೆ. ಡಿಫೆನ್ಸ್‌ನಲ್ಲಿ ಆಡೋ ಪ್ರತಿ ಸ್ನ್ಯಾಪ್ ನಿಮಗೆ ನಷ್ಟವೇ, ದಣಿವು ಮತ್ತು ಗಾಯ ಮಾತ್ರ ಮಿಕ್ಕೋದು. ಪ್ರೀಸೀಸನ್‌ನಲ್ಲಿ ಅವನು ಎಷ್ಟು ರೂಟ್ ಓಡಿದ ಅಂತ ನೋಡಿ, ಪೂರ್ತಿ ರಿಸೀವರ್‌ನ ಲೆಕ್ಕ ಹಾಕಬೇಡಿ.

ಕುಡ್ಲ_ಟು_ಟ್ಯಾಂಪಾ
ಅವನಿಗೆ ಕೊಡುವ ಬೆಲೆಗೆ ನಮ್ಮ ಟ್ಯಾಂಪಾದ ಹೊಸ ರಿಸೀವರ್ ಎಗ್ಬುಕನನ್ನು ತೆಗೆದುಕೊಳ್ಳಿ. ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ 19ನೇ ಆಯ್ಕೆ. ಅಲ್ಲಿಯ ಇನ್ನೊಬ್ಬ ರಿಸೀವರ್ ಗಾಡ್ವಿನ್ ಕಾಲಿನ ಗಾಯದಿಂದ 2025ರ ಶುರುವಿಗೆ ಹಿಂದಿರುಗಿಲ್ಲ. ಟಾರ್ಗೆಟ್ ಖಾಲಿ ಉಂಟು, ಎಸೆಯುವವನು ಬೇಕರ್ ಮೇಫೀಲ್ಡ್. ಇನ್ನು ಎಂತ ಬೇಕು?

ಸಿನ್ಸಿನಾಟಿ_ಹುಲಿ
ಬಂತಪ್ಪ ಟ್ಯಾಂಪಾ ಪ್ರಚಾರ.

ಕುಡ್ಲ_ಟು_ಟ್ಯಾಂಪಾ
ನೀವು ಬೆಳಗ್ಗೆಯಿಂದ ಚೇಸ್, ಬರೋ, ಹಿಗ್ಗಿನ್ಸ್ ಅಂದದ್ದು ಎಂತ, ಹವಾಮಾನ ವರದಿಯಾ?